ಹಡಗಿನ ಜೊತೆ ಅದರ ಮಾಹಿತಿಯೂ ಕೈಗೆ ಬರಲಿ

ಮಲ್ಪೆಯ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ನಾರ್ವೆಯ ವಿಲ್ಸನ್ ಕಂಪನಿಗೆ ಸರಕು ಹಡಗು ಕಟ್ಟುವ ಕೆಲಸ ಹಿಡಿದಾಗ ಅವುಗಳ ವಿನ್ಯಾಸ ಬಂದದ್ದು ನೆದರ್ಲೆಂಡ್ಸ್‌ನಿಂದ. ಕೊಳ್ಳುವವರು ಒಂದು ದೇಶ, ರೂಪಿಸುವವರು ಇನ್ನೊಂದು, ಉಕ್ಕು ಕತ್ತರಿಸುವವರು ಮತ್ತೊಂದು. ಹಡಗು ಉದ್ಯಮ ನಡೆಯುವುದೇ ಹೀಗೆ. ಒಡಲಿನ ಆಕಾರವನ್ನು ನಾಪಾದಂಥ ತಂತ್ರಾಂಶದಲ್ಲಿ ತಿದ್ದಿದರೆ, ಉಕ್ಕಿನ ಹಲಗೆ, ಪೈಪುಗಳ ವಿವರ ಅವೇವಾ ಅಥವಾ ಫೋರಾನ್‌ನಲ್ಲಿ ಕೂತಿರಬಹುದು. ಇವುಗಳ ನಡುವೆ ಮಾಹಿತಿ ಸೋರದೆ ದಾಟಬೇಕಾದರೆ ಅದು ಯಾವ ಕಂಪನಿಗೂ ಸೇರದ, ಎಲ್ಲರೂ ಓದಬಲ್ಲ ರೂಪದಲ್ಲಿರಬೇಕು. ಹಾಗೆ ಕೊಡಿ ಎಂದು ಕೇಳಬೇಕಾದವರು ಹಡಗಿನ ಹಣ ಕೊಡುವವರೇ ಎಂಬುದು ನನ್ನ ವಾದ.

1980ರಲ್ಲಿ ಅಮೆರಿಕದಲ್ಲಿ ಬಂದ ಐಜಿಇಎಸ್ ಎಂಬ ರೂಪ ಗೆರೆಗಳನ್ನೂ ಮೇಲ್ಮೈಗಳನ್ನೂ ದಾಟಿಸುತ್ತಿತ್ತು, ಆದರೆ ಅರ್ಥವನ್ನಲ್ಲ. ಆ ಮೇಲ್ಮೈ ಎಷ್ಟು ದಪ್ಪದ ಹಲಗೆ, ಯಾವ ದರ್ಜೆಯ ಉಕ್ಕು, ಎಲ್ಲಿ ಬೆಸುಗೆ ಎಂಬುದು ದಾರಿಯಲ್ಲೇ ಕಳಚಿ, ಪಡೆದವರು ಮತ್ತೆ ತುಂಬಬೇಕಿತ್ತು. ತಪ್ಪು ನುಸುಳುವುದು ಅಲ್ಲೇ. ಈ ಕೊರತೆ ನೀಗಲು 1986ರಲ್ಲಿ ಅಮೆರಿಕದ ನೌಕಾಪಡೆ ಮತ್ತು ಹಡಗುಕಟ್ಟೆಗಳು ಕೂಡಿ ಸಮಿತಿ ಮಾಡಿಕೊಂಡವು. ಅದರ ದುಡಿಮೆ, 1994ರಲ್ಲಿ ಮೊದಲು ಹೊರಬಂದ ಐಎಸ್‌ಒ 10303, ಅಂದರೆ ಸ್ಟೆಪ್ ಮಾನಕದಲ್ಲಿ ಹಡಗಿಗೆಂದೇ ಇರುವ ಭಾಗಗಳಿಗೆ ಹರಿಯಿತು: ಒಡಲಿನ ಆಕಾರಕ್ಕೆ 216ನೇ ಭಾಗ, ರಚನೆಗೆ 218ನೇ ಭಾಗ. ಇಲ್ಲಿ ಹಲಗೆ ಹಲಗೆಯಾಗಿಯೇ ದಾಟುತ್ತದೆ.

ಎಲ್ಲರೂ ಒಂದೇ ತಂತ್ರಾಂಶ ಬಳಸಿದರೆ ಸಾಲದೇ ಎಂಬ ಆಕ್ಷೇಪಕ್ಕೆ ವಿಮಾನ ಉದ್ಯಮ ಉತ್ತರ ಕೊಟ್ಟಿದೆ. ಏರ್‌ಬಸ್ ಎ380ಕ್ಕೆ ಹ್ಯಾಂಬರ್ಗ್ ಮತ್ತು ಟುಲೂಸ್‌ನವರು ಕಟಿಯಾ ತಂತ್ರಾಂಶವನ್ನೇ ಬಳಸಿದ್ದರು. ಆವೃತ್ತಿಗಳು ಮಾತ್ರ ಬೇರೆ. ವೈರುಗಳು ಹೊಂದಲಿಲ್ಲ, ವಿಮಾನದ ಪೂರೈಕೆ ವರ್ಷಗಟ್ಟಲೆ ಹಿಂದೆ ಬಿತ್ತು. ಅಲ್ಲದೆ ಹಡಗು ಇಪ್ಪತ್ತೈದು ಮೂವತ್ತು ವರ್ಷ ಬಾಳುತ್ತದೆ, ತಂತ್ರಾಂಶ ಬಾಳುವುದಿಲ್ಲ: ಹಡಗು ವಿನ್ಯಾಸಕ್ಕೆ ಹೆಸರುವಾಸಿಯಾಗಿದ್ದ ಟ್ರಿಬಾನ್ ತಂತ್ರಾಂಶ 2004ರಲ್ಲೇ ಅವೇವಾ ಕಂಪನಿಯ ಪಾಲಾಯಿತು. ಸ್ಟೆಪ್‌ನ ಹಡಗು ಭಾಗಗಳನ್ನೇ ಹೆಚ್ಚು ಜನ ಬಳಸಲಿಲ್ಲವಲ್ಲ ಎಂಬ ಎರಡನೆಯ ಆಕ್ಷೇಪ ಇನ್ನೂ ಬಲವಾದದ್ದು, ನಿಜವೂ ಹೌದು. ಎಲ್ಲವನ್ನೂ ಒಮ್ಮೆಗೇ ಹಿಡಿಯಲು ಹೊರಟದ್ದು ಅದಕ್ಕೆ ಭಾರವಾಯಿತೆಂದು ನನಗನ್ನಿಸುತ್ತದೆ. ಈಚಿನ ಒಸಿಎಕ್ಸ್ ರೂಪದ ಗುರಿ ಚಿಕ್ಕದು: ಪರಿಶೀಲನೆಗಾಗಿ ಡಿಎನ್‌ವಿಯಂಥ ವರ್ಗೀಕರಣ ಸಂಸ್ಥೆಗೆ ಕಾಗದದ ನಕ್ಷೆಯ ಬದಲು ಮೂರು ಆಯಾಮದ ಮಾದರಿ ಕಳಿಸುವುದು. ಪರಿಶೀಲಿಸುವವರೇ ಬೇಕೆಂದು ಮುಂದೆ ಬಂದಾಗ ತಂತ್ರಾಂಶ ಕಂಪನಿಗಳೂ ಜೊತೆಗೂಡಿದವು. ಮಾದರಿಯನ್ನು ಹೀಗೆ ಎಲ್ಲರೂ ಓದಬಲ್ಲ ರೂಪದಲ್ಲಿ ಕೊಡಲು ಖರ್ಚಿದೆ, ನಿಜ. ಆದರೆ ಈಗ ಉಳಿಸಿದ ಹಣವನ್ನು ಮುಂದೆ ಎಂಜಿನ್ ಬದಲಿಸುವಾಗ, ಹಡಗನ್ನು ಮತ್ತೆ ಅಳೆಯುವುದಕ್ಕೇ ಮಾಲೀಕರು ತೆರಬೇಕಾಗುತ್ತದೆ. ಆದ್ದರಿಂದ ಮಾದರಿಯನ್ನು ಮುಕ್ತ ರೂಪದಲ್ಲಿ ಒಪ್ಪಿಸುವ ಷರತ್ತು ಒಪ್ಪಂದದಲ್ಲೇ ಇರಲಿ. ಬೇರೊಂದು ತಂತ್ರಾಂಶದಲ್ಲಿ ಅದನ್ನು ತೆರೆದು, ಹಲಗೆಯ ದಪ್ಪವೂ ಉಕ್ಕಿನ ದರ್ಜೆಯೂ ಸರಿಯಾಗಿ ಬಂದಿವೆಯೇ ಎಂದು ನೋಡಿದ ಮೇಲೆಯೇ ಕೊನೆಯ ಕಂತು ಪಾವತಿಯಾಗಲಿ.