ಹಳೆಯ ಯಂತ್ರ, ಹೊಸ ಅಪ್ಪಣೆ

ಅಮೆರಿಕದ ಮೈಕ್ರೋಸಾಫ್ಟ್ ಕಂಪೆನಿಯವರು ೨೦೧೫ನೆಯ ಜುಲೈ ೨೯ರಂದು ಹೊರತಂದ ವಿಂಡೋಸ್ ೧೦ ಎಂಬ ಕಾರ್ಯವ್ಯವಸ್ಥೆಗೆ ೨೦೨೫ನೆಯ ಅಕ್ಟೋಬರ್ ೧೪ರಂದು ತಮ್ಮ ಬೆಂಬಲವನ್ನು ನಿಲ್ಲಿಸಿದರು. ಸಮುದ್ರದಾಚೆ ಕುಳಿತವರ ಈ ತೀರ್ಮಾನಕ್ಕೂ ಹಾಸನ ತಾಲ್ಲೂಕಿನ ಶಾಂತಿಗ್ರಾಮದಂತಹ ಹೋಬಳಿಯ ಊರಿಗೂ ಏನು ಸಂಬಂಧವೆಂದು ಕೇಳುವವರಿದ್ದರೆ, ಅವರು ಒಂದು ದಿನ ನಾಡಕಚೇರಿಯ ಕಿಟಕಿಯ ಮುಂದೆ ನಿಂತು ನೋಡಬೇಕು. ಪಹಣಿಯಾಗಲಿ, ಜಾತಿ ಮತ್ತು ಆದಾಯದ ಪ್ರಮಾಣಪತ್ರವಾಗಲಿ, ಮುಪ್ಪಿನ ವೇತನದ ಅರ್ಜಿಯಾಗಲಿ, ಈಗ ಗಣಕಯಂತ್ರದ ಮೂಲಕವಲ್ಲದೆ ನಡೆಯುವಂತಿಲ್ಲ. ರಾಜ್ಯದ ಸುಮಾರು ೬೭ ಲಕ್ಷ ರೈತರ ೨ ಕೋಟಿ ಭೂದಾಖಲೆಗಳನ್ನು ‘ಭೂಮಿ’ ಯೋಜನೆಯು ಗಣಕಕ್ಕೆ ಏರಿಸಿ ಕಾಲು ಶತಮಾನವಾಗುತ್ತ ಬಂದಿತು. ಕಾಗದದ ಖಾತೆಯನ್ನು ಕೈಬಿಟ್ಟ ಮೇಲೆ, ಯಂತ್ರದ ಒಳಗಿನ ವ್ಯವಸ್ಥೆ ಯಾವುದು, ಅದು ಎಷ್ಟು ಕಾಲ ಬಾಳುತ್ತದೆ ಎಂಬ ಪ್ರಶ್ನೆಗಳು ಪರಿಣತರದಾಗಿ ಮಾತ್ರ ಉಳಿಯಲಿಲ್ಲ.

ಬೆಂಬಲ ನಿಂತಿತೆಂದರೆ ಯಂತ್ರ ನಿಂತಿತೆಂದು ಅರ್ಥವಲ್ಲ. ನಿನ್ನೆ ನಡೆಯುತ್ತಿದ್ದುದು ಇಂದೂ ನಡೆಯುತ್ತದೆ, ನಾಳೆಯೂ ನಡೆಯಬಹುದು, ಮೋಸವಿರುವುದೇ ಇಲ್ಲಿ. ಪ್ರತಿ ತಿಂಗಳ ಎರಡನೆಯ ಮಂಗಳವಾರ ಕಂಪೆನಿಯು ತನ್ನ ವ್ಯವಸ್ಥೆಯಲ್ಲಿ ಕಂಡುಬಂದ ಬಿರುಕುಗಳಿಗೆ ತೇಪೆಗಳನ್ನು ಕಳುಹಿಸುತ್ತದೆ. ವಿಂಡೋಸ್ ೧೧ಕ್ಕೆ ಕಳುಹಿಸಿದ ತೇಪೆಯನ್ನು ಬಿಚ್ಚಿ ನೋಡಿದ ದುರ್ಜನರಿಗೆ, ಅದೇ ಬಿರುಕು ವಿಂಡೋಸ್ ೧೦ರಲ್ಲಿಯೂ ಇದ್ದರೆ ಎಲ್ಲಿದೆಯೆಂಬುದು ತಿಳಿದುಹೋಗುತ್ತದೆ. ಅಲ್ಲಿ ಅದನ್ನು ಮುಚ್ಚುವವರಿಲ್ಲ. ಆದಕಾರಣ ಹೊಸದಕ್ಕೆ ಬಂದ ಪ್ರತಿಯೊಂದು ಮದ್ದೂ ಹಳೆಯದರ ರೋಗವನ್ನು ಊರಿಗೆಲ್ಲ ಸಾರಿದಂತಾಗುತ್ತದೆ.

೨೦೧೭ನೆಯ ಮೇ ೧೨ರಂದು ವಾನಾಕ್ರೈ ಎಂಬ ಪಿಡುಗು ಜಗತ್ತಿನ ೧೫೦ ದೇಶಗಳಷ್ಟರಲ್ಲಿ ಹರಡಿದುದನ್ನು ವಾಚಕರಲ್ಲಿ ಅನೇಕರು ಮರೆತಿರಲಾರರು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳು ನಿಂತವು. ಅದಕ್ಕೆ ಮದ್ದು ಎರಡು ತಿಂಗಳು ಮೊದಲೇ, ಮಾರ್ಚ್ ೧೪ರಂದು ಸಿದ್ಧವಾಗಿತ್ತು. ಪೆಟ್ಟು ತಿಂದವುಗಳಲ್ಲಿ ಬಹುಪಾಲು ಅಂದಿಗೆ ಬೆಂಬಲವಿದ್ದ ವಿಂಡೋಸ್ ೭ರ ಯಂತ್ರಗಳೇ ಆಗಿದ್ದುವು. ಮದ್ದನ್ನು ಹಚ್ಚದೆ ಬಿಟ್ಟದ್ದೇ ಅವುಗಳ ಕೇಡು. ಹೊಸ ವ್ಯವಸ್ಥೆಯನ್ನು ಕೊಂಡು, ‘ಆಮೇಲೆ ನೋಡೋಣ’ ಎಂದು ಪ್ರತಿದಿನ ತೇಪೆಯನ್ನು ಮುಂದೂಡುವ ಗೃಹಸ್ಥನಿಗೂ ಹಳೆಯದರಲ್ಲಿಯೇ ಕುಳಿತವನಿಗೂ ಆ ಮಟ್ಟಿಗೆ ವ್ಯತ್ಯಾಸ ಕಡಿಮೆ.

ಹಾಗಾದರೆ ಎಲ್ಲರೂ ಕೂಡಲೇ ವಿಂಡೋಸ್ ೧೧ಕ್ಕೆ ಏರಿಬಿಡಲಿ ಎಂದು ಹೇಳುವುದು ಸುಲಭ. ಆದರೆ ೨೦೨೧ನೆಯ ಅಕ್ಟೋಬರ್ ೫ರಂದು ಬಂದ ಈ ವ್ಯವಸ್ಥೆಯು ಎಲ್ಲ ಯಂತ್ರಗಳನ್ನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ನಾಲ್ಕು ಜಿ.ಬಿ. ಸ್ಮೃತಿ, ೬೪ ಜಿ.ಬಿ. ಸಂಗ್ರಹ ಎಂಬ ನಿಬಂಧನೆಗಳು ದೊಡ್ಡವಲ್ಲ. ಟಿ.ಪಿ.ಎಂ. ೨.೦ ಎಂಬ ಭದ್ರತಾ ಸಾಧನವಿರಬೇಕು, ಇಂಟೆಲ್ ಸಂಸ್ಕಾರಕವಾದರೆ ಸಾಮಾನ್ಯವಾಗಿ ಎಂಟನೆಯ ತಲೆಮಾರಿನದು ಅಥವಾ ಆಮೇಲಿನದಾಗಿರಬೇಕು ಎಂಬುದೇ ಕಠಿನವಾದ ಬಾಗಿಲು. ಆ ತಲೆಮಾರು ಪೇಟೆಗೆ ಬಂದುದು ೨೦೧೭ರಲ್ಲಿ. ಅದಕ್ಕೂ ಹಿಂದಿನ ಯಂತ್ರವು ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಹೊರಗೇ ನಿಲ್ಲಬೇಕು. ಇದರಿಂದ ೨೪ ಕೋಟಿ ಗಣಕಗಳು ಕಸಕ್ಕೆ ಹೋಗಬಹುದೆಂದು ಕೆನಾಲಿಸ್ ಎಂಬ ಸಮೀಕ್ಷಾ ಸಂಸ್ಥೆಯು ೨೦೨೩ರಲ್ಲಿ ಅಂದಾಜು ಮಾಡಿತ್ತು. ಕೆಡದ ಯಂತ್ರವನ್ನು ಕೆಟ್ಟದ್ದೆಂದು ಘೋಷಿಸುವ ಈ ಅಧಿಕಾರವು ಮಾರಿದವನ ಕೈಯಲ್ಲಿ ಉಳಿದಿರುವುದು ನಮಗೆ ಒಪ್ಪಿಗೆಯಾಗುವ ಸಂಗತಿಯಲ್ಲ. ಎತ್ತನ್ನು ಮಾರಿದವನು ಹತ್ತು ವರ್ಷದ ಮೇಲೆ ಬಂದು ಉಳುವುದನ್ನು ನಿಲ್ಲಿಸೆಂದರೆ ಯಾವ ರೈತನು ಕೇಳಿಯಾನು?

ಆದರೂ ಅಸಮಾಧಾನವೊಂದೇ ಉಪಾಯವಾಗಲಾರದು. ಮೊದಲು ಪರೀಕ್ಷಿಸಬೇಕು. ಟಿ.ಪಿ.ಎಂ. ಇಲ್ಲವೆಂದು ಯಂತ್ರವು ಹೇಳಿದಾಗ ನಿಜವಾಗಿಯೂ ಇಲ್ಲವೆಂದಲ್ಲ. ಬಯೋಸ್ ಎಂಬ ಮೂಲ ಏರ್ಪಾಟಿನಲ್ಲಿ ಅದನ್ನು ಮುಚ್ಚಿಟ್ಟಿರುವುದು ಸಾಮಾನ್ಯ. ಇಂಟೆಲ್ಲಿನವರು ಇದನ್ನು ಪಿ.ಟಿ.ಟಿ. ಎಂದೂ, ಎ.ಎಂ.ಡಿ.ಯವರು ಎಫ್.ಟಿ.ಪಿ.ಎಂ. ಎಂದೂ ಕರೆಯುತ್ತಾರೆ. ಅದನ್ನು ತೆರೆದೊಡನೆ ಅರ್ಹವಾಗುವ ಯಂತ್ರಗಳು ಉಂಟು. ಅರ್ಹತೆಯಿಲ್ಲದ ಯಂತ್ರಕ್ಕೆ ಕಳ್ಳದಾರಿಯಲ್ಲಿ ವಿಂಡೋಸ್ ೧೧ನ್ನು ಏರಿಸಿಕೊಡುತ್ತೇವೆನ್ನುವ ಪೇಟೆಯ ಚತುರರಿದ್ದಾರೆ. ಅಂತಹ ಯಂತ್ರಕ್ಕೆ ಮುಂದಿನ ತೇಪೆಗಳು ಬರುವ ಭರವಸೆಯನ್ನು ಕಂಪೆನಿಯು ಕೊಡುವುದಿಲ್ಲ. ಯಾವ ತೇಪೆಗಾಗಿ ಈ ಶ್ರಮವೆಲ್ಲವೋ ಅದೇ ಸಂದೇಹಾಸ್ಪದವಾಗುವ ಈ ಮಾರ್ಗವು ಕಚೇರಿಗಾಗಲಿ ಬ್ಯಾಂಕಿನ ವ್ಯವಹಾರಕ್ಕಾಗಲಿ ತಕ್ಕುದಲ್ಲ.

ಹಣ ಕೊಟ್ಟು ಹಳೆಯದನ್ನೇ ಕೆಲವು ಕಾಲ ಕಾಪಾಡಿಕೊಳ್ಳುವ ಅವಕಾಶವೂ ಇದೆ. ಮನೆಯ ಗಣಕಗಳಿಗೆ ೨೦೨೬ನೆಯ ಅಕ್ಟೋಬರ್ ೧೩ರವರೆಗಿನ ರಕ್ಷಣೆಯನ್ನು ೩೦ ಡಾಲರಿಗೆ, ಅಥವಾ ಕಂಪೆನಿಯ ಖಾತೆಯೊಡನೆ ಯಂತ್ರದ ಏರ್ಪಾಟುಗಳನ್ನು ಜೋಡಿಸಲೊಪ್ಪಿದರೆ ಧರ್ಮಕ್ಕೆ, ಕೊಡುವುದಾಗಿ ೨೦೨೫ರಲ್ಲಿ ಪ್ರಕಟಿಸಲಾಯಿತು. ಧರ್ಮಕ್ಕೆಂಬ ಮಾತನ್ನು ವಾಚಕರು ತಮ್ಮ ವಿವೇಚನೆಯಿಂದಲೇ ಅರ್ಥಮಾಡಿಕೊಳ್ಳಬೇಕು. ಸಂಸ್ಥೆಗಳಿಗಾದರೋ ಯಂತ್ರವೊಂದಕ್ಕೆ ಮೊದಲ ವರ್ಷ ೬೧ ಡಾಲರ್, ಎರಡನೆಯ ವರ್ಷ ಅದರ ಇಮ್ಮಡಿ, ಮೂರನೆಯ ವರ್ಷ ಅದಕ್ಕೂ ಇಮ್ಮಡಿ. ಮೂರು ವರ್ಷಕ್ಕೆ ೪೨೭ ಡಾಲರ್. ಸಾಧಾರಣವಾದ ಹೊಸ ಗಣಕವೊಂದರ ಬೆಲೆಯ ಸಮೀಪಕ್ಕೆ ಇದು ಬಂದು ನಿಲ್ಲುತ್ತದೆ. ವಿದ್ಯಾಸಂಸ್ಥೆಗಳಿಗೆ ಮಾತ್ರ ಇದೇ ರಕ್ಷಣೆಯ ದರವು ಮೊದಲ ವರ್ಷಕ್ಕೆ ಒಂದು ಡಾಲರ್, ಆಮೇಲೆ ಎರಡು ಮತ್ತು ನಾಲ್ಕು. ಹೋಬಳಿಯ ಹೈಸ್ಕೂಲುಗಳ ಮುಖ್ಯೋಪಾಧ್ಯಾಯರು ಹೊಸ ಯಂತ್ರಗಳಿಗೆ ಅರ್ಜಿ ಬರೆಯುವ ಮುನ್ನ ಈ ಅಂಕಿಗಳನ್ನು ಗಮನಿಸುವುದು ಮೇಲು.

ಇವೆಲ್ಲ ಜಗತ್ತಿಗೆಲ್ಲ ಸಾಮಾನ್ಯವಾದ ತೊಂದರೆಗಳು. ಕನ್ನಡಿಗರಿಗೆ ವಿಶೇಷವಾದ ತೊಡಕೊಂದು ಬೇರೆ ಇದೆ. ಕನ್ನಡ ಗಣಕ ಪರಿಷತ್ತಿನವರು ನಿರ್ಮಿಸಿ ಉಚಿತವಾಗಿ ಹಂಚಿದ ‘ನುಡಿ’ ತಂತ್ರಾಂಶವು ಸರ್ಕಾರಿ ಕಚೇರಿಗಳಲ್ಲಿ ಕನ್ನಡವನ್ನು ನೆಲೆಗೊಳಿಸಿದ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅದರ ಹಳೆಯ ಪದ್ಧತಿಯಲ್ಲಿ ಕನ್ನಡದ ಅಕ್ಷರಭಾಗಗಳು ಇಂಗ್ಲಿಷ್ ಮುಂತಾದ ಲಿಪಿಗಳ ಅಕ್ಷರಗಳಿಗೆ ಮೀಸಲಾದ ಸಂಕೇತಸ್ಥಾನಗಳಲ್ಲಿ ಬಿಡಾರ ಹೂಡಿದ್ದುವು. ಅಕ್ಷರಶೈಲಿಯ ಕಡತವು ಯಂತ್ರದಲ್ಲಿರುವವರೆಗೆ ಕನ್ನಡ. ಅದು ಇಲ್ಲದ ಯಂತ್ರದಲ್ಲಿ ತೆರೆದರೆ ಅದೇ ಆದೇಶವು ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿ. ಯೂನಿಕೋಡ್ ಎಂಬ ಸರ್ವಲಿಪಿ ಸಂಕೇತದಲ್ಲಿ ಕನ್ನಡಕ್ಕೆ ತನ್ನದೇ ಸ್ಥಾನವು ೧೯೯೧ರಲ್ಲಿಯೇ ದೊರೆತಿತ್ತು. ೨೦೦೧ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಎಂಬ ಅಕ್ಷರಶೈಲಿಯೊಡನೆ ಅದನ್ನು ಯಂತ್ರದೊಳಗೇ ತಂದಿತು. ಆದಾಗ್ಯೂ ಕಚೇರಿಗಳ ಬೆರಳಚ್ಚುಗಾರರು ಅನೇಕ ವರ್ಷ ಹಳೆಯ ಸಂಕೇತದಲ್ಲಿಯೇ ಬರೆದರು. ಮುದ್ರಣಾಲಯಗಳಲ್ಲಿ ಈಗಲೂ ಬರೆಯುತ್ತಾರೆ.

ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆಯ ಹೆಸರಿನೊಡನೆ ಕೂಡಿಬಂದಿರುವ ಶಾಂತಿಗ್ರಾಮದ ಸೀಮೆಯಲ್ಲಿ ಇದನ್ನು ಹೇಳುವಾಗ ಶಿಲಾಶಾಸನಗಳ ನೆನಪಾಗುವುದು ಸಹಜ. ಬಿ. ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನಗಳನ್ನು ೧೯೦೨ರಲ್ಲಿ ಒಂದು ಸಂಪುಟವಾಗಿ ಪ್ರಕಟಿಸಿದಾಗ, ಏಳೆಂಟು ನೂರು ವರ್ಷದ ಕಲ್ಲುಗಳನ್ನು ಲಿಪಿಜ್ಞರು ಓದಬಲ್ಲವರಾಗಿದ್ದರು. ಇಪ್ಪತ್ತು ವರ್ಷದ ಹಿಂದಿನ ನಡವಳಿಯೊಂದನ್ನು ಓದಲು ಇಂದು ಸರಿಯಾದ ಅಕ್ಷರಶೈಲಿಗಾಗಿ ಮೇಜಿನಿಂದ ಮೇಜಿಗೆ ಅಲೆಯಬೇಕಾಗಿ ಬರುತ್ತಿದೆ. ಆದುದರಿಂದ ವ್ಯವಸ್ಥೆಯನ್ನು ಬದಲಾಯಿಸುವ ಮುಂಚೆ ಹಳೆಯ ಅಕ್ಷರಶೈಲಿಗಳ ಪ್ರತಿಯನ್ನು ತೆಗೆದಿಟ್ಟು, ಕಡತಗಳನ್ನು ಪರಿವರ್ತಕದಿಂದ ಯೂನಿಕೋಡಿಗೆ ಮಾರ್ಪಡಿಸಿ, ಮೂಲದೊಡನೆ ಒಮ್ಮೆ ಹೋಲಿಸಿ ನೋಡತಕ್ಕದ್ದು. ಪರಿವರ್ತಕಗಳು ಒತ್ತಕ್ಷರ, ಅರ್ಕಾವೊತ್ತುಗಳಲ್ಲಿ ಎಡವುವುದುಂಟು. ಹೆಸರಿನಲ್ಲಿ ಒಂದು ಒತ್ತು ತಪ್ಪಿದರೆ ಖಾತೆದಾರನು ತಿಂಗಳುಗಟ್ಟಲೆ ಅಲೆಯುತ್ತಾನೆ.

ಸಾಧನಗಳ ವಿಷಯವೂ ಹೀಗೆಯೇ. ಬೆರಳುಗುರುತಿನ ಯಂತ್ರ, ಅಂಕೀಯ ಸಹಿಯ ಟೋಕನ್, ಹಳೆಯ ಪ್ರಿಂಟರು ಇವು ತಮ್ಮ ತಮ್ಮ ಚಾಲಕ ತಂತ್ರಾಂಶವನ್ನು ನಂಬಿ ನಡೆಯತಕ್ಕವು. ವಿಂಡೋಸ್ ೧೧ರಲ್ಲಿ ೩೨ ಬಿಟ್ಟಿನ ಆವೃತ್ತಿಯೇ ಇಲ್ಲವಾದ್ದರಿಂದ ಅಂತಹ ಹಳೆಯ ಚಾಲಕಗಳು ಅಲ್ಲಿ ಕೆಲಸಕ್ಕೆ ಬಾರವು. ಡಾಸ್ ಕಾಲದ ಲೆಕ್ಕಪತ್ರದ ತಂತ್ರಾಂಶವನ್ನು ಇನ್ನೂ ಬಿಡದ ಮಂಡಿಯ ವರ್ತಕರೂ ಇದನ್ನು ತಿಳಿದಿರಬೇಕು. ಗ್ರಾಮ ಒನ್ ಕೇಂದ್ರವನ್ನು ನಡೆಸುವವನು ಸೋಮವಾರ ಬೆಳಗ್ಗೆ ವ್ಯವಸ್ಥೆಯನ್ನು ಬದಲಾಯಿಸಲು ಕುಳಿತರೆ, ಮಧ್ಯಾಹ್ನ ಬೆರಳುಗುರುತಿನ ಯಂತ್ರವು ಮುಷ್ಕರ ಹೂಡಿದಾಗ ನಷ್ಟವು ಅವನೊಬ್ಬನದಲ್ಲ. ಎರಡು ಯಂತ್ರವಿದ್ದವರು ಒಂದನ್ನು ಮೊದಲು ಬದಲಾಯಿಸಿ, ಎಲ್ಲ ಸಾಧನಗಳನ್ನೂ ಅದರಲ್ಲಿ ನಡೆಸಿ ನೋಡಿ, ಒಂದು ವಾರ ಕಳೆದ ಮೇಲೆ ಇನ್ನೊಂದಕ್ಕೆ ಕೈಹಾಕುವುದು ಲೇಸು. ಒಂದೇ ಯಂತ್ರವಿದ್ದವರು ಕಡತಗಳ ಪ್ರತಿಯನ್ನು ಹೊರಗಿನ ಡಿಸ್ಕಿನಲ್ಲಿಟ್ಟು ರಜೆಯ ದಿನವನ್ನು ಆರಿಸಿಕೊಳ್ಳಲಿ.

ವಿಂಡೋಸಿನ ಬಾಗಿಲಲ್ಲಿ ನಿಲ್ಲುವುದೇ ಏಕೆಂದು ಕೇಳುವವರಿಗೆ ಉತ್ತರವು ನೆರೆಯಲ್ಲಿಯೇ ಇದೆ. ಕೇರಳದವರು ತಮ್ಮ ಸರ್ಕಾರಿ ಶಾಲೆಗಳಲ್ಲಿ ಬಹು ವರ್ಷಗಳಿಂದ ಲಿನಕ್ಸ್ ಆಧಾರಿತ ಮುಕ್ತ ವ್ಯವಸ್ಥೆಯನ್ನೇ ನಡೆಸುತ್ತ ಬಂದಿದ್ದಾರೆ. ನಮ್ಮ ದೇಶದ ಸಿ-ಡ್ಯಾಕ್ ಸಂಸ್ಥೆಯು ‘ಬಾಸ್’ ಎಂಬುದನ್ನು ೨೦೦೭ರಲ್ಲಿ ಹೊರತಂದಿತು. ನಾಲ್ಕು ಜಿ.ಬಿ. ಸ್ಮೃತಿಯ ಹಳೆಯ ಯಂತ್ರದಲ್ಲಿ ಹಗುರವಾದ ಲಿನಕ್ಸ್ ಲೀಲೆಯಿಂದ ನಡೆಯುತ್ತದೆ. ನುಡಿಗೆ ಒಗ್ಗಿದ ಬೆರಳುಗಳಿಗೆ ಅದೇ ಕೀಲಿಮಣೆಯ ವಿನ್ಯಾಸವೂ ಅಲ್ಲಿ ದೊರೆಯುತ್ತದೆ. ಉಪನೋಂದಣಾಧಿಕಾರಿಗಳ ಕಾವೇರಿ ತಂತ್ರಾಂಶವು ೨೦೨೩ರಲ್ಲಿ ಜಾಲತಾಣದ ರೂಪಕ್ಕೆ ಬಂದಂತೆ ಉಳಿದ ಕೆಲಸಗಳೂ ಬ್ರೌಸರಿನೊಳಕ್ಕೆ ಬಂದಷ್ಟೂ ಕೆಳಗಿರುವ ವ್ಯವಸ್ಥೆಯ ಹಂಗು ಕಡಿಮೆಯಾಗುವುದು. ಆದರೆ ಟೋಕನ್ನು ಮತ್ತು ಬೆರಳುಗುರುತಿನ ಸಾಧನಗಳಲ್ಲಿ ಹಲವು ಇನ್ನೂ ವಿಂಡೋಸಿಗೇ ಒಗ್ಗಿಕೊಂಡಿರುವುದರಿಂದ, ಪ್ರಮಾಣಪತ್ರ ಕೊಡುವ ಮೇಜಿನ ಮೇಲೆ ಲಿನಕ್ಸನ್ನು ತರಾತುರಿಯಿಂದ ಕೂರಿಸುವುದನ್ನು ನಾವು ಅನುಮೋದಿಸುವುದಿಲ್ಲ. ಶಾಲೆ, ವಾಚನಾಲಯ, ಮನೆ ಇವುಗಳಲ್ಲಿ ಅದಕ್ಕೆ ಅಡ್ಡಿಯಿಲ್ಲ. ಸರ್ಕಾರದವರು ಮುಂದೆ ಸಾಧನಗಳನ್ನು ಕೊಳ್ಳುವಾಗ ಎರಡು ವ್ಯವಸ್ಥೆಗಳಲ್ಲಿಯೂ ನಡೆಯತಕ್ಕವನ್ನೇ ಕೊಳ್ಳುವೆವೆಂದು ಟೆಂಡರಿನಲ್ಲಿ ಒಂದು ಷರತ್ತನ್ನು ಸೇರಿಸಿದರೆ, ಮುಂದಿನ ಸಲ ಕಂಪೆನಿಯ ಅಪ್ಪಣೆ ಬಂದಾಗ ನಾಡಕಚೇರಿಗೆ ಆಯ್ಕೆಯೆಂಬುದೊಂದು ಇರುವುದು.

ಕೊನೆಯದಾಗಿ, ಹೊಸ ಯಂತ್ರ ಬಂದ ಮೇಲೆ ಹಳೆಯದನ್ನು ಗುಜರಿಯವನಿಗೋ ಶಾಲೆಗೋ ಕೊಡುವವರು ಅದರ ಡಿಸ್ಕನ್ನು ಮರೆಯಬಾರದು. ಜೆರಾಕ್ಸ್ ಅಂಗಡಿಗಳ ಗಣಕಗಳಲ್ಲಿ ಗಿರಾಕಿಗಳ ಆಧಾರ್ ಚೀಟಿ, ಬ್ಯಾಂಕಿನ ಪಾಸ್‌ಪುಸ್ತಕ, ಅಂಕಪಟ್ಟಿಗಳ ಪ್ರತಿಗಳು ವರ್ಷಗಟ್ಟಲೆ ಬಿದ್ದಿರುತ್ತವೆ. ಕಸದ ಬುಟ್ಟಿಯ ಚಿತ್ರಕ್ಕೆ ಎಳೆದು ಹಾಕಿದ ಮಾತ್ರಕ್ಕೆ ಅವು ಅಳಿಯುವುದಿಲ್ಲ. ಡಿಸ್ಕನ್ನು ಪೂರ್ಣವಾಗಿ ಅಳಿಸುವ ತಂತ್ರಾಂಶವನ್ನು ಬಳಸಬೇಕು, ಇಲ್ಲವೇ ಡಿಸ್ಕನ್ನು ತೆಗೆದುಕೊಂಡು ಯಂತ್ರವನ್ನಷ್ಟೇ ಕೊಡಬೇಕು.