ಕುಂಸಿಯ ಕಲ್ಲಿನಲ್ಲಿ ಮನೆ ಕಟ್ಟಿದವರು ಯಾರು?

ಆ ಬಂಡೆಯ ಮೇಲೆ ಒಂದು ಚೊಂಬು ನೀರು ಹೊಯ್ದು ನೋಡಿ. ಕಂಡಿತೇ? ಬೂದು ಬಣ್ಣದ ಪೆದ್ದು ಕಲ್ಲಿನ ಮೈಮೇಲೆ ಗೆರೆಯೊಂದು ಎದ್ದಿತು, ಅದರ ಮೇಲೆ ಇನ್ನೊಂದು, ಮತ್ತೊಂದು! ಬಟ್ಟಲ ಮೇಲೆ ಬಟ್ಟಲು ಕವುಚಿಟ್ಟ ಹಾಗೆ. ಬೆಂದ ಪತ್ರೊಡೆಯನ್ನು ಕೊಯ್ದಾಗ ಕಾಣುತ್ತದಲ್ಲ, ಅಂಥ ಪದರ.

ಶಿವಮೊಗ್ಗದಿಂದ ಸಾಗರಕ್ಕೆ ಹೊರಟವರು ಜೋಗದ ಗುಂಗಿನಲ್ಲಿ ಕುಂಸಿಯನ್ನು ದಾಟಿಬಿಡುತ್ತಾರೆ. ಆ ಸೀಮೆಯ ಡಾಲೊಮೈಟ್ ಬಂಡೆಗಳಲ್ಲಿ, ಮ್ಯಾಂಗನೀಸ್ ಅದಿರಿನ ನೆರೆಯಲ್ಲೇ, ಸುಮಾರು 260 ಕೋಟಿ ವರ್ಷ ಹಿಂದಿನ ಜೀವದ ಗುರುತಿದೆ. ಡೈನೋಸಾರ್‌ಗಳು ಹುಟ್ಟಿದ್ದೇ 23 ಕೋಟಿ ವರ್ಷಗಳ ಹಿಂದೆ. ಈ ಲೆಕ್ಕಕ್ಕೆ ಅವು ಮೊನ್ನೆ ಬಂದ ನೆಂಟರು! ಮಲೆನಾಡು ಆಗ ಬಿಸಿಲು ತಳ ಮುಟ್ಟುವ, ಆಳವಿಲ್ಲದ ಕಡಲು. ಮೀನಿಲ್ಲ, ಚಿಪ್ಪಿಲ್ಲ, ದಡದಲ್ಲಿ ಒಂದು ಎಲೆಯಿಲ್ಲ. ದಿನವೂ 24 ಗಂಟೆಗಿಂತ ಚಿಕ್ಕದು.

ಹಾಗಾದರೆ ಈ ಪದರದ ಮನೆ ಕಟ್ಟಿದವರು ಯಾರು?

ಕಷ್ಟ ಇರುವುದು ಇಲ್ಲೇ. ಮೂಳೆಯಿಲ್ಲ, ಹಲ್ಲಿಲ್ಲ, ಒಡಲೇ ಇಲ್ಲ. ಮನೆ ಮಾತ್ರ ಉಳಿದಿದೆ. ಹುತ್ತ ನೋಡಿ ಗೆದ್ದಲಿನ ಜಾತಿ ಹೇಳಬೇಕು. 1883ರಲ್ಲಿ ಅಮೆರಿಕದ ಜೇಮ್ಸ್ ಹಾಲ್ ಇಂಥದ್ದೇ ಕಲ್ಲಿಗೆ ‘ಕ್ರಿಪ್ಟೊಜೂನ್’ ಎಂದು ಹೆಸರಿಟ್ಟ. ಗುಪ್ತಪ್ರಾಣಿ! ಪ್ರಾಣಿ ಅಲ್ಲವೇ ಅಲ್ಲ ಅದು. 1908ರಲ್ಲಿ ಜರ್ಮನಿಯ ಕಾಲ್ಕೊವ್‌ಸ್ಕಿ ಸ್ಟ್ರೊಮ್ಯಾಟೊಲೈಟ್ ಎಂಬ ಹೆಸರು ಕೊಟ್ಟ. ಸಯನೊಬ್ಯಾಕ್ಟೀರಿಯದಂಥ ಸೂಕ್ಷ್ಮಜೀವಿಗಳು ಲೋಳೆಯ ಚಾಪೆ ಹಾಸುತ್ತವೆ, ಅದಕ್ಕೆ ಸುಣ್ಣದ ಕಣ ಅಂಟುತ್ತದೆ, ಬೆಳಕು ಬೇಕೆಂದು ಜೀವಿಗಳು ಮೇಲೇರಿ ಮತ್ತೊಂದು ಚಾಪೆ ಹಾಸುತ್ತವೆ. ನಂಬದವರಿದ್ದರು. 1950ರ ದಶಕದಲ್ಲಿ ಆಸ್ಟ್ರೇಲಿಯದ ಶಾರ್ಕ್ ಬೇಯಲ್ಲಿ ಇದೇ ಕಸುಬು ಮಾಡುತ್ತಿರುವ ಜೀವಂತ ಗುಮ್ಮಟಗಳು ಸಿಕ್ಕವು!

ವಿಚಿತ್ರವೆಂದರೆ ಕೊಲೇನಿಯ, ಕೊನೊಫೈಟನ್ ಎಂದು ಗಿಡಮರಗಳಿಗಿಟ್ಟ ಹಾಗೆ ಲ್ಯಾಟಿನ್ ಹೆಸರು ಇಟ್ಟದ್ದೂ ಮನೆಗೇ, ಒಳಗಿದ್ದವರಿಗಲ್ಲ. 1964ರಲ್ಲಿ ಭೂವಿಜ್ಞಾನಿ ಲೋಗನ್ ಮತ್ತು ಜೊತೆಗಾರರು ಆ ಗೊಡವೆಯೇ ಬೇಡವೆಂದು ಆಕಾರ ನೋಡಿ ವಿಂಗಡಿಸಿದರು: ಅಂಟಿಕೊಂಡ ಗುಮ್ಮಟ, ಬಿಡಿ ಕಂಬ, ಉರುಳುಂಡೆ. ನನಗೆ ಈ ಪ್ರಾಮಾಣಿಕತೆ ಇಷ್ಟ. ಕುಂಸಿ ಸೇರಿರುವ ಶಿವಮೊಗ್ಗ ಶಿಲಾಪಟ್ಟಿಯ ಸ್ಟ್ರೊಮ್ಯಾಟೊಲೈಟ್‌ಗಳನ್ನು ಭೂವಿಜ್ಞಾನಿಗಳಾದ ವಾಸುದೇವ್, ನಕ್ವಿ ಮತ್ತು ಸಂಗಡಿಗರು ವರದಿ ಮಾಡಿದ್ದು 1989ರಲ್ಲಿ.

ಗೆರೆ ಕಂಡಲ್ಲೆಲ್ಲ ಜೀವ ಎನ್ನುವಂತಿಲ್ಲ. ಸುಣ್ಣ ತಾನಾಗಿ ಗಟ್ಟಿಯಾದರೂ ಪದರ ಬರುತ್ತದೆ. ಗೆರೆ ಸಣ್ಣಗೆ ಸುಕ್ಕಾಗಿದೆಯೇ, ಗುಮ್ಮಟದ ನೆತ್ತಿಯಲ್ಲಿ ದಪ್ಪವಾಗಿದೆಯೇ ಎಂದು ಕಲ್ಲನ್ನು ಕಾಗದದಷ್ಟು ತೆಳುವಾಗಿ ಕೊಯ್ದು ಸೂಕ್ಷ್ಮದರ್ಶಕದ ಕೆಳಗಿಡುತ್ತಾರೆ. ಅವಸರ ಮಾಡಿದರೆ ಏನಾಗುತ್ತದೆ? 2021ರಲ್ಲಿ ಮಧ್ಯಪ್ರದೇಶದ ಭೀಮಬೇಟ್ಕಾದ ಗುಹೆಯಲ್ಲಿ 55 ಕೋಟಿ ವರ್ಷ ಹಳೆಯ, ಡಿಕಿನ್ಸೋನಿಯ ಎಂಬ ಪುರಾತನ ಜೀವಿಯ ಅಚ್ಚು ಸಿಕ್ಕಿತೆಂದು ಜಗತ್ತಿಗೆಲ್ಲ ಸುದ್ದಿಯಾಯಿತು. ಆಮೇಲೆ ನೋಡಿದರೆ ಅದು ಹೆಜ್ಜೇನು ಬಿಟ್ಟುಹೋದ ಗೂಡಿನ ಕಲೆ! ನಮ್ಮ ಕಾಡಿನ ಜೇನು ಕೀಳುವವರನ್ನು ಕೇಳಿದ್ದರೆ ಅಲ್ಲೇ ಹೇಳುತ್ತಿದ್ದರೇನೋ.

ಆ ಪುರಾತನ ಕಡಲಿನ ಗುರುತು ಕುಂಸಿಯಲ್ಲಷ್ಟೇ ಅಲ್ಲ. ಇನ್ನು ಭದ್ರಾವತಿ. 1923ರಲ್ಲಿ ಅಲ್ಲಿ ಕಬ್ಬಿಣ ಕರಗತೊಡಗಿತು. ಅದಿರು ಕೆಮ್ಮಣ್ಣುಗುಂಡಿಯದು. ಅದೂ ಪುರಾತನ ಕಡಲು ತಳಕ್ಕೆ ಬಿಟ್ಟ ಕಬ್ಬಿಣವೇ, ಆ ಕೆಲಸದಲ್ಲಿ ಇಂಥ ಸೂಕ್ಷ್ಮಜೀವಿಗಳ ಕೈವಾಡವೂ ಇದ್ದಿರಬಹುದು. ಈ ಕುಲದವೇ ನಮ್ಮ ಉಸಿರಿಗೆ ಬೇಕಾದ ಆಮ್ಲಜನಕವನ್ನೂ ಬಿಟ್ಟವು. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಹೊಕ್ಕಂತೆ ನಾವು ಬಂದು ಸೇರಿಕೊಂಡೆವು.

ಇನ್ನೊಂದು ಗುಟ್ಟಿದೆ. ಇಲ್ಲಿಯ ಪದರಗಳು ಕೋಟ್ಯಂತರ ವರ್ಷಗಳ ಒತ್ತಡಕ್ಕೆ ಮಡಚಿ, ಎಷ್ಟೋ ಕಡೆ ಗೋಡೆಯಂತೆ ನೆಟ್ಟಗೆ ನಿಂತಿವೆ. ಯಾವುದು ಮೇಲಿತ್ತು, ಯಾವುದು ಕೆಳಗೆ? ಭೂವಿಜ್ಞಾನಿ ಗುಮ್ಮಟದ ನೆತ್ತಿ ಹುಡುಕುತ್ತಾನೆ. ಅದು ಯಾವ ಕಡೆಗೆ ಉಬ್ಬಿದೆಯೋ ಆ ಕಡೆಗೆ, ಅಂದು, ಸೂರ್ಯನಿದ್ದ.