ಹೃದಯಕೋಶಗಳ ಬೆಸುಗೆ

ರಥೋತ್ಸವದಲ್ಲಿ ತೇರು ಮುಂದೆ ಸಾಗಬೇಕಾದರೆ ಎಳೆಯುವವರೆಲ್ಲರೂ ಹಗ್ಗವನ್ನು ಬಿಗಿಯಾಗಿ ಹಿಡಿದಿರಬೇಕು. ಒಂದೇ ಕೂಗಿಗೆ ಒಟ್ಟಾಗಿ ಜಗ್ಗಬೇಕು. ಹಗ್ಗ ಹರಿದರೂ, ಕೂಗು ಕೇಳಿಸದೆ ಹೋದರೂ ತೇರು ನಿಲ್ಲುವುದು. ನಮ್ಮ ಹೃದಯದ ಸ್ಥಿತಿಯೂ ಇದೇ ಆಗಿದೆ. ನಿಮಿಷಕ್ಕೆ ಸುಮಾರು 72 ಬಾರಿಯಂತೆ ದಿನವೊಂದಕ್ಕೆ ಲಕ್ಷ ಸಲ ಮಿಡಿಯುವ ಈ ಅಂಗದಲ್ಲಿ ಅಸಂಖ್ಯ ಸ್ನಾಯುಕೋಶಗಳು ಏಕಕಾಲದಲ್ಲೆಂಬಂತೆ ಸಂಕುಚಿಸುತ್ತವೆ. ಇದು ಹೇಗೆ ಸಾಧ್ಯ?

ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹೃದಯದ ಸ್ನಾಯುತಂತುಗಳಿಗೆ ಅಡ್ಡಲಾಗಿ ಅಲ್ಲಲ್ಲಿ ಕಪ್ಪು ಗೆರೆಗಳು ಕಾಣುತ್ತವೆ. ಹೃದಯದ ಸ್ನಾಯುವು ಗಡಿಗಳಿಲ್ಲದ ಒಂದೇ ಅಖಂಡ ಜೀವದ್ರವ್ಯವೆಂದು ಹಲವು ವಿಜ್ಞಾನಿಗಳು ಬಹುಕಾಲ ನಂಬಿದ್ದರು. 1954ರಲ್ಲಿ ಸ್ವೀಡನ್ನಿನ ಶೋಸ್ಟ್ರಾಂಡ್ ಮತ್ತು ಆಂಡರ್ಸನ್ ಎಂಬ ಸಂಶೋಧಕರು ಈ ಗೆರೆಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿದರು. ಅವು ಎರಡು ಕೋಶಗಳ ಪೊರೆಗಳು ಎದುರುಬದುರಾಗಿ ಕೂಡುವ ತಾಣಗಳೆಂದು ಸ್ಪಷ್ಟವಾಯಿತು. ಇವನ್ನು ‘ಇಂಟರ್‌ಕ್ಯಾಲೇಟೆಡ್ ಡಿಸ್ಕ್’ ಎನ್ನುತ್ತಾರೆ. ನಾವು ಸಂಧಿಫಲಕವೆಂದು ಕರೆಯೋಣ.

ಸಂಧಿಫಲಕವು ಮೆಟ್ಟಿಲುಗಳಂತೆ ಏರಿಳಿಯುತ್ತದೆ. ತಂತುವಿಗೆ ಅಡ್ಡಲಾಗಿರುವ ಅದರ ಮುಖಗಳ ಮೇಲೆ ಪ್ರತಿ ಮಿಡಿತದ ಸೆಳೆತವೂ ಬೀಳುತ್ತದೆ. ಅಲ್ಲಿ ಎರಡು ಬಗೆಯ ಬಂಧನಗಳಿವೆ. ‘ಫೇಸಿಯಾ ಅಡ್ಹೆರೆನ್ಸ್’ ಎಂಬುದು ಸಂಕುಚಿಸುವ ಎಳೆಗಳ ತುದಿಗಳನ್ನು ಪೊರೆಗೆ ಕಟ್ಟುತ್ತದೆ. ‘ಡೆಸ್ಮೋಸೋಮ್’ ಎಂಬುದು ಅಂಗಿಯ ಒತ್ತುಗುಂಡಿಯಂತೆ ಕೋಶಗಳನ್ನು ಒಂದಕ್ಕೊಂದು ಬಿಗಿಯುತ್ತದೆ. ಇವೇ ಹೃದಯದ ಹಗ್ಗ.

ಕೂಗನ್ನು ಒಯ್ಯುವುದು ಮೂರನೆಯದಾದ ‘ಗ್ಯಾಪ್ ಜಂಕ್ಷನ್’. ಒಂದು ಕೋಶದ ಪೊರೆಯಲ್ಲಿ ಕನೆಕ್ಸಿನ್ ಎಂಬ ಆರು ಪ್ರೋಟೀನು ಅಣುಗಳು ಸೇರಿ ಅರ್ಧ ನಾಳವಾಗುತ್ತವೆ. ನೆರೆಕೋಶದ ಇನ್ನರ್ಧವು ಅದಕ್ಕೆ ಕೂಡಿಕೊಳ್ಳುತ್ತದೆ. ಈ ನಾಳದ ರಂಧ್ರವು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದೆರಡು ಭಾಗದಷ್ಟು ಮಾತ್ರ. ವಿದ್ಯುದಂಶವುಳ್ಳ ಅಯಾನುಗಳು ಇದರ ಮೂಲಕ ಹರಿದು ಪ್ರಚೋದನೆಯನ್ನು ಕೋಶದಿಂದ ಕೋಶಕ್ಕೆ ಮುಟ್ಟಿಸುತ್ತವೆ. ಇಂತಹ ನಾಳಗಳು ಹೆಚ್ಚಾಗಿ ಸೆಳೆತ ಕಡಮೆಯಿರುವ, ತಂತುವಿನ ಉದ್ದಕ್ಕೆ ಸಾಗುವ ಮುಖಗಳಲ್ಲಿಯೇ ಇರುವುದು ಗಮನಾರ್ಹ.

ಹಗ್ಗ ಸಡಿಲವಾದರೆ ಏನಾಗುವುದು? ಗ್ರೀಸ್ ದೇಶದ ನಾಕ್ಸೋಸ್ ದ್ವೀಪದ ಕೆಲವು ಕುಟುಂಬಗಳಲ್ಲಿ ಒಂದು ಆನುವಂಶಿಕ ರೋಗವಿರುವುದನ್ನು 1986ರಲ್ಲಿ ವೈದ್ಯರು ವರದಿಮಾಡಿದರು. ರೋಗಿಗಳ ಕೂದಲು ಉಣ್ಣೆಯಂತೆ. ಅಂಗೈ ಅಂಗಾಲುಗಳ ಚರ್ಮ ದಪ್ಪ. ಹೃದಯದ ಲಯ ತಪ್ಪಿ ತಾರುಣ್ಯದಲ್ಲಿಯೇ ಹಠಾತ್ ಮರಣ ಸಂಭವಿಸಬಹುದು. ಡೆಸ್ಮೋಸೋಮಿನ ಪ್ಲಾಕೋಗ್ಲೋಬಿನ್ ಎಂಬ ಪ್ರೋಟೀನಿನ ದೋಷವೇ ಇದಕ್ಕೆ ಕಾರಣವೆಂದು 2000ದಲ್ಲಿ ತಿಳಿದುಬಂದಿತು. ಕೂದಲು, ಚರ್ಮ, ಹೃದಯ ಮೂರರಲ್ಲಿಯೂ ಕೋಶಗಳನ್ನು ಹಿಡಿದಿಡುವ ಬಂಧನ ಇದೇ. ಹೃದಯದಲ್ಲಿ ಅದು ಕಳಚಿದಾಗ ಕೋಶಗಳು ಸಾಯುತ್ತವೆ. ಆ ಜಾಗವನ್ನು ಕೊಬ್ಬು ಮತ್ತು ನಾರು ತುಂಬುತ್ತವೆ. ಪ್ರಚೋದನೆಯ ದಾರಿ ಕೆಡುತ್ತದೆ.

ಈ ಕೂದಲು ಹುಟ್ಟಿನಿಂದಲೇ ಕಾಣುವುದರಿಂದ ವೈದ್ಯರು ಮೊದಲೇ ಎಚ್ಚೆತ್ತು ಹೃದಯವನ್ನು ಪರೀಕ್ಷಿಸಬಲ್ಲರು. ಅಗತ್ಯವಿದ್ದರೆ ಲಯವನ್ನು ಸರಿಪಡಿಸುವ ವಿದ್ಯುತ್ ಯಂತ್ರವನ್ನು ಎದೆಯೊಳಗೆ ಅಳವಡಿಸಬಲ್ಲರು. ಹೀಗೆ ಮಗುವಿನ ಗುಂಗುರು ಕೂದಲು ಅದರ ಪ್ರಾಣವನ್ನು ಉಳಿಸುವ ಸುಳಿವೂ ಆಗಬಲ್ಲುದು.